ಹೊಗೆ ನೋಡುವವರುಂಟು, ಹೋಸ್ ನೋಡುವವರಿಲ್ಲ

ಪೆಡಲ್ ತುಳಿದೊಡನೆ ಮಾಸ್ಟರ್ ಸಿಲಿಂಡರಿನಲ್ಲಿ ಹುಟ್ಟಿ ಉಕ್ಕಿನ ಲೈನುಗಳಲ್ಲಿ ಹರಿದು ಬಂದ ದ್ರವದ ಒತ್ತಡವನ್ನು, ತಿರುಗುತ್ತಲೂ ಕುಲುಕುತ್ತಲೂ ಇರುವ ಚಕ್ರದ ಕ್ಯಾಲಿಪರಿಗೆ, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಅಂಗಕ್ಕೆ, ಮುಟ್ಟಿಸುವ ರಬ್ಬರು ಕೊಳವೆಯೇ ಬ್ರೇಕ್ ಹೋಸ್. ಬೆಂಗಳೂರಿನ ಪಟ್ಟಂದೂರು ಅಗ್ರಹಾರದ ಮೆಟ್ರೊ ನಿಲ್ದಾಣದ ಕೆಳಗೆ, 2023ರ ಮಾರ್ಚಿನಲ್ಲಿ ರೈಲು ಬಂದ ಮೇಲೂ ಕರಗದ ವಾಹನಸಾಲಿನಲ್ಲಿ ನಿಂತಿದ್ದ ಹನ್ನೊಂದು ವರ್ಷದ ಖಾಸಗಿ ಕಾರೊಂದರ ಮುಂಚಕ್ರದ ಹೋಸು ಸಂದರ್ಶನಕ್ಕೆ ಒಪ್ಪಿತು. ಕಾರು ಅಲುಗುವ ಲಕ್ಷಣವಿಲ್ಲದ್ದರಿಂದ ಸಮಯಕ್ಕೆ ಕೊರತೆಯಿರಲಿಲ್ಲ.

ಪ್ರಶ್ನೆ: ಇಲ್ಲಿನ ಐಟಿಪಿಎಲ್ ಟೆಕ್ ಪಾರ್ಕಿನ ಸುತ್ತಲಿನ ಹಂಪುಗಳ, ಅಂದರೆ ವೇಗ ತಗ್ಗಿಸುವ ರಸ್ತೆದಿಬ್ಬಗಳ, ಬಗ್ಗೆ ತಮ್ಮ ಅಭಿಪ್ರಾಯವೇನು?

ಉತ್ತರ: ಹಂಪಿನ ಮಾತು ಹಾಗಿರಲಿ. ಈ ಕಾರಿನ ಹೊಗೆ ಕೊಳವೆಗೆ ವರ್ಷಕ್ಕೊಮ್ಮೆ ತಪಾಸಣೆ, ಪ್ರಮಾಣಪತ್ರ, ತಪ್ಪಿದರೆ ದಂಡ. ಟ್ಯಾಕ್ಸಿ, ಲಾರಿಗಳಿಗಾದರೂ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ಎಫ್‌ಸಿ, ಅಂದರೆ ವಾಹನವು ರಸ್ತೆಗಿಳಿಯಲು ಯೋಗ್ಯವೆಂಬ ಪತ್ರ, ಬೇಕು. ಖಾಸಗಿ ಕಾರಿಗೆ ನೋಂದಣಿಯ 15 ವರ್ಷ ತುಂಬುವವರೆಗೆ ಅಡಿಗೆ ಬಗ್ಗಿ ನೋಡುವ ಅಧಿಕಾರಿಯೇ ಇಲ್ಲ. ಉಸಿರಿಗೆ ಪರೀಕ್ಷೆ, ರಕ್ತನಾಳಕ್ಕೆ ದೇವರೇ ಗತಿ.

ಪ್ರಶ್ನೆ: ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲಿ ಹಂಪಿನ ಅಗಲ 3.7 ಮೀಟರು, ಎತ್ತರ 10 ಸೆಂಟಿಮೀಟರು ಎಂದಿರುವಾಗ, ಅಪಾರ್ಟ್‌ಮೆಂಟಿಗೊಂದರಂತೆ ರಾತ್ರೋರಾತ್ರಿ ಏಳುವ, ಬಣ್ಣವನ್ನೂ ಕಾಣದ ದಿಬ್ಬಗಳು ಹೋಸಿನ ಆಯುಷ್ಯವನ್ನು ಕುಗ್ಗಿಸುವುದಿಲ್ಲವೆ?

ಉತ್ತರ: ಕುಗ್ಗಿಸಬಹುದು. ಹೊರಗಿನ ಬಿರುಕಾದರೆ ಕಣ್ಣಿಗೆ ಬಿದ್ದೀತು. ಒಳಪದರ ಕುಸಿದು ದಾರಿ ಕಿರಿದಾದರೆ ಪೆಡಲ್ ತುಳಿದಾಗ ನುಗ್ಗಿದ ದ್ರವ, ಕಾಲೆತ್ತಿದಾಗ ಹಿಂದಿರುಗದೆ ಚಕ್ರವನ್ನು ಹಿಡಿದೇ ಇಡುತ್ತದೆ, ಡಿಸ್ಕ್ ಕಾಯುತ್ತದೆ, ಕಾರು ಒಂದು ಮಗ್ಗುಲಿಗೆ ಎಳೆಯುತ್ತದೆ. ಗ್ಯಾರೇಜಿನಲ್ಲಿ ಆಗ ಹೊಸ ಪ್ಯಾಡು, ಅದೂ ಸಾಲದಿದ್ದರೆ ಹೊಸ ಕ್ಯಾಲಿಪರು. ಹೋಸು ಮಾತ್ರ ಹಳೆಯದೇ. ಬ್ರೇಕ್ ಆಯಿಲ್ ಇಳಿದಿದೆಯೆಂದು ಎಂಜಿನ್ ಆಯಿಲ್ ಸುರಿದು ರಬ್ಬರನ್ನೆಲ್ಲ ಉಬ್ಬಿಸುವ ಮಹನೀಯರೂ ಉಂಟು. ಹೊಗೆ ಪತ್ರ ಮಾತ್ರ ಅವರ ಬಳಿ ಚಾಲ್ತಿಯಲ್ಲಿರುತ್ತದೆ.

ಉಕ್ಕಿನ ಲೈನುಗಳ ತುಕ್ಕಿನ ಬಗ್ಗೆ ಕೇಳಿದಾಗ, ಅದು ನೆಂಟರ ಮನೆಯ ವಿಚಾರವೆಂದು ಹೋಸು ತಳ್ಳಿಹಾಕಿತು. ಇತ್ತೀಚಿನ ಅಪಘಾತಗಳ ಪ್ರಸ್ತಾಪ ಬಂದೊಡನೆ ಅದರ ದನಿ ಬದಲಾಯಿತು.

ಉತ್ತರ: ಇಳಿಜಾರಿನಲ್ಲಿ ವಾಹನವೊಂದು ಜನರ ಮೇಲೆ ನುಗ್ಗಿದ ಮರುದಿನ ‘ಬ್ರೇಕ್ ಫೇಲ್’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಹೋಸಿನ ಮೈಮೇಲೆ ಅಚ್ಚಾದ ತಯಾರಿಕೆಯ ವರ್ಷ ಯಾವುದು, ಅದನ್ನು ಕೊನೆಗೆ ಬಗ್ಗಿಸಿ ನೋಡಿದವರು ಯಾರು, ಆಯಿಲ್ ಒಸರುತ್ತಿದೆಯೆಂದು ಡ್ರೈವರ್ ಹೇಳಿದಾಗ ‘ಇನ್ನೊಂದು ಟ್ರಿಪ್ ಹೊಡಿ’ ಎಂದವರು ಯಾರು? ಯಾರೂ ಕೇಳುವುದಿಲ್ಲ. ಸಾಯುವವರು ಬಸ್ಸಿಗೆ ಕಾದು ನಿಂತವರು, ಫುಟ್‌ಪಾತ್ ಇಲ್ಲದೆ ರಸ್ತೆಯಂಚಿನಲ್ಲಿ ನಡೆದವರು. ಅದು ವಿಧಿಯಲ್ಲ, ಯಾರೋ ಉಳಿಸಿದ ದುಡ್ಡು.

ಪ್ರಶ್ನೆ: ಬದಲಾಯಿಸುವ ಕ್ರಮವೇನು?

ಉತ್ತರ: ವಾಹನಗಳ ಬಿಡಿಭಾಗ ಮಾರುವ ಜೆ.ಸಿ. ರಸ್ತೆಯಲ್ಲಿ ದೊರೆಯುವ ಸರಕು. ಆದರೆ ಎಡಗಡೆಯದು ಹೋದರೆ ಬಲಗಡೆಯದನ್ನೂ ತರಬೇಕು. ಜೋಡಣೆಯ ತಾಮ್ರದ ವಾಷರುಗಳು ಹೊಸವಾಗಿರಬೇಕು, ಕಳಚಿದ ಕ್ಯಾಲಿಪರನ್ನು ಹೋಸಿಗೇ ನೇತುಹಾಕಬಾರದು, ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಹೋಸು ತಿರುಚಿಲ್ಲ, ಟೈರಿಗೆ ಉಜ್ಜುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಬಳಿಕ ಬ್ಲೀಡಿಂಗ್, ಅಂದರೆ ದ್ರವದೊಳಗೆ ಸೇರಿದ ಗಾಳಿಯನ್ನು ಹೊರಹಾಕುವುದು. ಗಾಳಿ ಅದುಮಿಕೊಳ್ಳುವ ವಸ್ತುವಾದ್ದರಿಂದ ಅದು ಉಳಿದರೆ ಪೆಡಲ್ ಮೆತ್ತಗಾಗುತ್ತದೆ. ಅಂದಹಾಗೆ, ಪ್ರಶ್ನೆ ಕೇಳುತ್ತಿರುವವರ ಕಾರಿನ ಹೋಸುಗಳಿಗೆ ಎಷ್ಟು ವಯಸ್ಸು?

ಪ್ರಶ್ನೆ: ಹಂಪುಗಳಿಗೆ ಬಿಳಿ ಬಣ್ಣವನ್ನಾದರೂ ಬಳಿಯಬಾರದೆ?