ಮಾವನ ಕೆಲಸ ಸೊನ್ನೆ

ನನ್ನ ಸೋದರಮಾವ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಹೊತ್ತರೂ ಅವರು ಹೆಚ್ಚೂಕಡಿಮೆ ಏನೂ ಕೆಲಸ ಮಾಡುತ್ತಿಲ್ಲ ಎಂಬುದು ನನಗೆ ಒಂಬತ್ತನೇ ಕ್ಲಾಸಿನಲ್ಲಿ ತಿಳಿಯಿತು. ತಿಳಿದ ಸಂಜೆಯೇ ಹೋಗಿ ಅವರಿಗೆ ಹೇಳಿಯೂಬಿಟ್ಟೆ.

ತಪ್ಪು ನನ್ನದಲ್ಲ. ‘ಕೆಲಸ ಮತ್ತು ಶಕ್ತಿ’ ಎಂಬ ಪಾಠದಲ್ಲಿ ಹಾಗೇ ಇತ್ತು. ಬಲ ಹಾಕಿದ ದಿಕ್ಕಿನಲ್ಲಿ ವಸ್ತು ಸರಿದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಮೂಟೆ ಹೊತ್ತವನ ಬಲ ಮೇಲಕ್ಕೆ, ಅವನು ನಡೆಯುವುದು ಮುಂದಕ್ಕೆ. ಎರಡಕ್ಕೂ ನಡುವೆ ತೊಂಬತ್ತು ಡಿಗ್ರಿ. ಮೇಷ್ಟ್ರು ಬೋರ್ಡಿನ ಮೇಲೆ ಒಬ್ಬ ಕಡ್ಡಿ ಮನುಷ್ಯನನ್ನು ಬರೆದು, ಅವನ ತಲೆಯ ಮೇಲೊಂದು ಚೌಕ ಇಟ್ಟು, ಪಕ್ಕದಲ್ಲಿ ದೊಡ್ಡದೊಂದು ಸೊನ್ನೆ ಸುತ್ತಿದರು.

ನಾನು ಹೋದಾಗ ಮಾವ ಜಗುಲಿಯ ಮೇಲೆ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಕೂತಿದ್ದರು. ನನ್ನ ಮಾತು ಪೂರ್ತಿ ಕೇಳಿ, “ಅಲ್ಲ ಕಣೋ ಅಳಿಯ, ಆ ಪುಸ್ತಕ ಬರ್ದೋನು ಒಂದಿನನಾದ್ರೂ ಮೂಟೆ ಮುಟ್ಟವ್ನಾ?” ಅಂದರು.

“ನೆಲದಿಂದ ಮೇಲಕ್ಕೆತ್ತಿದ್ರೆ ಕೆಲಸ ಆಗುತ್ತೆ ಮಾವ. ಹೊತ್ಕೊಂಡು ನಡೆದ್ರೆ ಆಗಲ್ಲ, ಅಷ್ಟೆ.”

ಮಾವ ಸ್ವಲ್ಪ ಹೊತ್ತು ಸುಮ್ಮನಾದರು. ಮಂಡಿಯಲ್ಲಿ ಮೂಟೆಯನ್ನು ಎತ್ತಿ ಬೆನ್ನಿಗೇರಿಸುವವರು ಬೇರೆ ಇಬ್ಬರು. ಲಾರಿಯವರೆಗೆ ಹೊರುವವರು ಮಾವ. “ಅಂದ್ರೆ ಕೆಲಸ ಮಾಡೋರು ಅವ್ರು, ಕೂಲಿ ಎಣಿಸ್ಕೊಳ್ಳೋನು ನಾನು. ಈ ಮಾತ ಮಂಡಿ ಕಡೆ ಬಂದಾಗ ಆಡ್ಬೇಡಪ್ಪ” ಎಂದು ಕೈಮುಗಿದರು.

ಎತ್ತುವವರ ಪಾಡಾದರೂ ಏನು ಮಹಾ? 50 ಕೆಜಿಯ ಮೂಟೆಯನ್ನು ಒಂದೂವರೆ ಮೀಟರ್ ಎತ್ತಿದರೆ 735 ಜೂಲ್. ಒಂದು ಚಮಚ ಸಕ್ಕರೆಯಲ್ಲಿ, ಐದು ಗ್ರಾಂ ಎಂದಿಟ್ಟುಕೊಂಡರೆ, ಎಂಬತ್ತು ಸಾವಿರ ಜೂಲಿಗೂ ಹೆಚ್ಚು ಶಕ್ತಿಯಿದೆ. ಪುಸ್ತಕದ ಲೆಕ್ಕ ನಂಬಿದರೆ ಒಂದು ಲೋಟ ಟೀ ಕುಡಿದವನು ನೂರು ಮೂಟೆ ಎತ್ತಿ ಎಸೆಯಬೇಕು. ಮಾವ ದಿನಕ್ಕೆ ಎಂಟು ಟೀ ಕುಡಿಯುತ್ತಿದ್ದರು. ಆ ಲೆಕ್ಕದಲ್ಲಿ ಅವರೊಬ್ಬರೇ ತಿಪಟೂರನ್ನೇ ಎತ್ತಿ ಅರಸೀಕೆರೆಯ ಪಕ್ಕ ಇಡಬಹುದಿತ್ತು.

ಪುಸ್ತಕ ಸುಳ್ಳು ಹೇಳಿರಲಿಲ್ಲ, ಅರ್ಧ ಹೇಳಿ ನಿಲ್ಲಿಸಿತ್ತು. ಮೂಟೆಯನ್ನು ಕಲ್ಲುಕಂಬದ ಮೇಲಿಟ್ಟರೆ ಕಂಬ ನೂರು ವರ್ಷ ಹೊತ್ತು ನಿಲ್ಲುತ್ತದೆ, ಟೀ ಕೇಳುವುದಿಲ್ಲ. ಮನುಷ್ಯನ ಸ್ನಾಯು ಕಂಬವಲ್ಲ. ಬಿಗಿಯಾಗಿ ಸುಮ್ಮನೆ ನಿಂತಂತೆ ಕಾಣುವಾಗಲೂ ಒಳಗೆ ಅದರ ಎಳೆಗಳು ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತಿರುತ್ತವೆ. ಒಂದೊಂದು ಹಿಡಿತಕ್ಕೂ ಒಂದಿಷ್ಟು ಶಕ್ತಿ ಖರ್ಚು. ಎತ್ತುವಾಗಲೂ ಉಂಡ ಶಕ್ತಿಯಲ್ಲಿ ಕಾಲುಪಾಲು ಕೆಲಸವಾದರೆ ಹೆಚ್ಚು. ಉಳಿದದ್ದೆಲ್ಲ ಮೈ ಕಾವಾಗಿ, ಬೆವರಾಗಿ ಹೋಗುತ್ತದೆ. ಆದ್ದರಿಂದ ಮೂಟೆಯ ಮೇಲೆ ನಡೆದ ಕೆಲಸ ಸೊನ್ನೆ, ಮಾವನ ಮೈಯೊಳಗೆ ನಡೆದದ್ದು ಸೊನ್ನೆಯಲ್ಲ. ಈ ಎರಡನೇ ವಾಕ್ಯವನ್ನು ನಮಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ನಾನು ಆ ಸಂಜೆ ಮಾವನ ಮನೆಯಲ್ಲಿ ಇನ್ನೊಂದು ಕೋಡುಬಳೆ ತಿಂದು ಬರುತ್ತಿದ್ದೆ.

ಗೊಂದಲದ ಅರ್ಧ ಪಾಪ ಭಾಷೆಗೆ ಸೇರಬೇಕು. ಮನೆಯ ಮಾತಿನಲ್ಲಿ ಬಲ, ಶಕ್ತಿ, ಸಾಮರ್ಥ್ಯ ಮೂವರೂ ಒಂದೇ ತಟ್ಟೆಯಲ್ಲಿ ಉಂಡವರು. ಪುಸ್ತಕಕ್ಕೆ ಬಂದೊಡನೆ ಪಾಲು ಮಾಡಿಕೊಂಡು ಬೇರೆಬೇರೆ ಮನೆ ಹೂಡಿಬಿಡುತ್ತಾರೆ: ಒಬ್ಬನಿಗೆ ನ್ಯೂಟನ್, ಒಬ್ಬನಿಗೆ ಜೂಲ್, ಇನ್ನೊಬ್ಬನಿಗೆ ವ್ಯಾಟ್. ‘ರಾಶಿ’ಯದ್ದು ಇನ್ನೂ ಫಜೀತಿ. ನಮ್ಮ ಕಡೆ ರಾಶಿ ಎಂದರೆ ಒಂದೋ ಕಣದಲ್ಲಿರುತ್ತದೆ, ಇಲ್ಲವೇ ಪಂಚಾಂಗದಲ್ಲಿ. ವಸ್ತುವಿನಲ್ಲಿರುವ ದ್ರವ್ಯದ ಲೆಕ್ಕಕ್ಕೂ ಅದೇ ಹೆಸರಿಟ್ಟಿದ್ದಾರೆ. “ನಿನ್ನ ರಾಶಿ ಎಷ್ಟೋ?” ಎಂದು ಮೇಷ್ಟ್ರು ಕೇಳಿದಾಗ ನನ್ನ ಬೆಂಚಿನವನು ಎದ್ದು ನಿಂತು “ವೃಶ್ಚಿಕ ಸಾರ್” ಅಂದದ್ದರಲ್ಲಿ ತುಂಟತನ ಒಂದಿಷ್ಟೂ ಇರಲಿಲ್ಲ.

ರಾಶಿ ಕೆಜಿಯಲ್ಲಿ, ತೂಕ ನ್ಯೂಟನ್ನಿನಲ್ಲಿ. ಪರೀಕ್ಷೆಯಲ್ಲಿ ಮೂಟೆಯ ತೂಕ 50 ಕೆಜಿ ಎಂದು ಬರೆದರೆ ಮಾರ್ಕು ಹೋಯಿತು, 490 ನ್ಯೂಟನ್ ಎನ್ನಬೇಕು. ಮಂಡಿಯಲ್ಲಿ 490 ನ್ಯೂಟನ್ ಎಂದರೆ ಮೂಟೆಯೇ ಹೋಯಿತು. ಚಂದ್ರನ ಮೇಲೆ ಮಂಡಿ ತೆರೆದರೆ ಈ ವ್ಯತ್ಯಾಸ ಎಲ್ಲರಿಗೂ ಒಂದೇ ದಿನದಲ್ಲಿ ಅರ್ಥವಾಗುತ್ತದೆ. ಎರಡು ತಟ್ಟೆಯ ತಕ್ಕಡಿಯಲ್ಲಿ ಬಟ್ಟಿಟ್ಟು ತೂಗಿದರೆ ಕೊಬ್ಬರಿ ಇಲ್ಲಿದ್ದಷ್ಟೇ, ಏಕೆಂದರೆ ಬಟ್ಟೂ ಅಷ್ಟೇ ಹಗುರಾಗಿರುತ್ತದೆ. ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿದರೆ ಆರರಲ್ಲಿ ಒಂದು ಪಾಲು. ಕೊಳ್ಳುವಾಗ ಯಾವುದು, ಮಾರುವಾಗ ಯಾವುದು ಎಂದು ದಲ್ಲಾಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಇನ್ನು ಮೇಲಕ್ಕೆಸೆದ ಕಲ್ಲು. ತುದಿ ಮುಟ್ಟಿದ ಗಳಿಗೆಯಲ್ಲಿ ಅದರ ವೇಗ ಸೊನ್ನೆ, ಸರಿ. ವೇಗೋತ್ಕರ್ಷ ಎಷ್ಟು? ಇಡೀ ಕ್ಲಾಸು ಒಕ್ಕೊರಲಿನಿಂದ ಸೊನ್ನೆ ಎಂದಿತ್ತು. ಮನೆ ಕಟ್ಟುವಲ್ಲಿ ಕೆಳಗಿನವನು ಇಟ್ಟಿಗೆ ಎಸೆದು ಮೇಲಿನವನು ಹಿಡಿಯುವುದನ್ನು ನೋಡಿ. ಮೇಲಿನವನು ಇಟ್ಟಿಗೆಗೆ ಕೈ ಚಾಚಿ ಹೋಗುವುದಿಲ್ಲ. ಅದು ಏರಿ ಬಂದು, ದಣಿದು, ಇನ್ನೇನು ಇಳಿಯಬೇಕು ಎನ್ನುವಷ್ಟರಲ್ಲಿ ಅಂಗೈ ಅಡಿಗೆ ಕೊಡುತ್ತಾನೆ, ಇಟ್ಟಿಗೆ ಬೆಕ್ಕಿನ ಮರಿಯಂತೆ ಬಂದು ಕೂರುತ್ತದೆ. ಆ ಗಳಿಗೆ ತಪ್ಪಿದರೆ ಕೆಳಗಿನವನ ತಲೆಗೇ ವಾಪಸ್ಸು. ತುದಿಯಲ್ಲಿ ವೇಗೋತ್ಕರ್ಷವೂ ಸೊನ್ನೆಯಾಗಿದ್ದರೆ ಇಟ್ಟಿಗೆ ಅಲ್ಲೇ ತ್ರಿಶಂಕುವಾಗಿ ನಿಂತುಬಿಡುತ್ತಿತ್ತು. ಅದು ಏರುವಾಗಲೂ, ನಿಂತಾಗಲೂ, ಇಳಿಯುವಾಗಲೂ ಭೂಮಿ ಪ್ರತಿ ಸೆಕೆಂಡೂ ಸೆಕೆಂಡಿಗೆ 9.8 ಮೀಟರಿನಷ್ಟು ಅದರ ವೇಗವನ್ನು ಕೆಳಮುಖಕ್ಕೆ ತಿರುಚುತ್ತಲೇ ಇರುತ್ತದೆ. ಕೈಯಲ್ಲಿ ಕಾಸಿಲ್ಲದ ದಿನವೂ ಬಡ್ಡಿ ಓಡುತ್ತಿರುವ ಹಾಗೆ.

ಆದರೆ ನನ್ನ ನಿದ್ದೆ ಕೆಡಿಸಿದ್ದು ನ್ಯೂಟನ್ನನ ಮೂರನೇ ನಿಯಮ. ಎತ್ತು ಗಾಡಿಯನ್ನು ಎಷ್ಟು ಎಳೆಯುತ್ತದೋ ಗಾಡಿಯೂ ಎತ್ತನ್ನು ಅಷ್ಟೇ ಹಿಂದಕ್ಕೆಳೆಯುತ್ತದೆ. ಮತ್ತೆ ಗಾಡಿ ಊರು ಸೇರುವುದು ಹೇಗೆ? ಕೇಳಿದೆ. “ಪರೀಕ್ಷೆಗೆ ಬರಲ್ಲ, ಕೂತ್ಕೋ” ಎಂಬ ಉತ್ತರ ಬಂತು. ಅದಕ್ಕೆ ಸಮನಾದ ಪ್ರತಿಕ್ರಿಯೆ ನನ್ನಲ್ಲೂ ಉಂಟಾಯಿತು, ಹೊರಗೆ ಬರಲಿಲ್ಲ.

ಉತ್ತರ ಸಿಕ್ಕಿದ್ದು ಮಳೆಗಾಲದಲ್ಲಿ, ತಾತನ ತೋಟದ ದಾರಿಯಲ್ಲಿ. ಗಾಡಿ ತುಂಬ ಕಾಯಿ. ಗಾಲಿ ಹೂತೇನೂ ಇರಲಿಲ್ಲ, ಎತ್ತುಗಳ ಗೊರಸೇ ಕೆಸರಲ್ಲಿ ಜಾರುತ್ತಿದ್ದವು. ಕುತ್ತಿಗೆ ಬಗ್ಗಿಸಿ ನೊಗಕ್ಕೆ ಮೈಕೊಟ್ಟರೂ ಗಾಡಿ ಮಿಸುಕಲಿಲ್ಲ. ತಾತ ಬಾರುಕೋಲು ಮುಟ್ಟಲಿಲ್ಲ. ನಾಲ್ಕು ತೆಂಗಿನ ಗರಿ ಎಳೆತಂದು ಗೊರಸಿನ ಮುಂದೆ ಹಾಸಿದರು. ಗೊರಸು ಕಚ್ಚಿತು, ಗಾಡಿ ಹೊರಟಿತು. ಎತ್ತಿನ ಬಲ ಹೆಚ್ಚಾಗಿರಲಿಲ್ಲ, ಗಾಡಿಯ ಭಾರ ಕಡಿಮೆಯಾಗಿರಲಿಲ್ಲ. ಎತ್ತು ಹಿಂದಕ್ಕೆ ಒದ್ದದ್ದಕ್ಕೆ ನೆಲ ಈಗ ಮುಂದಕ್ಕೆ ತಳ್ಳಿ ಉತ್ತರ ಕೊಟ್ಟಿತ್ತು. ಎತ್ತು ಗಾಡಿಯನ್ನು ಎಳೆದದ್ದು ಗಾಡಿಯ ಖಾತೆಗೆ ಜಮೆ, ಗಾಡಿ ಎತ್ತನ್ನು ಎಳೆದದ್ದು ಎತ್ತಿನ ಖಾತೆಗೆ. ಒಬ್ಬನ ಜಮೆಯನ್ನು ಇನ್ನೊಬ್ಬನ ಖರ್ಚಿಗೆ ವಜಾ ಹಾಕಿಕೊಂಡು ನಾನು ವರ್ಷವಿಡೀ ದಿವಾಳಿಯಾಗಿದ್ದೆ.

ಇದು ತಿಪಟೂರಿನ ದಡ್ಡತನ ಮಾತ್ರವಲ್ಲ ಎಂದು ತಿಳಿದು ಸಮಾಧಾನವಾದದ್ದು ಬಹಳ ತಡವಾಗಿ. ಅಮೆರಿಕದ ಅರಿಜೋನಾದಲ್ಲಿ ಹಲೂನ್ ಮತ್ತು ಹೆಸ್ಟೆನಿಸ್ ಎಂಬಿಬ್ಬರು ಸೂತ್ರವಿಲ್ಲದ, ಬರೀ ಮಾತಿನ ಪ್ರಶ್ನೆಗಳನ್ನು ವಿದ್ಯಾರ್ಥಿಗಳ ಮುಂದಿಟ್ಟು 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದನ್ನೋದಿದ ಹಾರ್ವರ್ಡಿನ ಎರಿಕ್ ಮಝೂರ್, ನಮ್ಮ ಹುಡುಗರಿಗೆ ಇದೆಲ್ಲ ಯಾವ ಲೆಕ್ಕ ಎಂದು ತಮ್ಮ ಕ್ಲಾಸಿಗೂ ಅಂಥದ್ದೇ ಪ್ರಶ್ನೆ ಕೊಟ್ಟರು. ಲಾರಿಯೂ ಸಣ್ಣ ಕಾರೂ ಡಿಕ್ಕಿ ಹೊಡೆದರೆ ಯಾವುದರ ಮೇಲೆ ಬಿದ್ದ ಬಲ ಹೆಚ್ಚು ಎನ್ನುವ ಜಾತಿಯವು. ಎರಡರ ಮೇಲೂ ಸಮ, ಹಗುರಾದ ಕಾರು ನಜ್ಜುಗುಜ್ಜಾಗಿ ದೂರ ಹಾರುತ್ತದೆ ಅಷ್ಟೆ. (ಈ ನಿಯಮವನ್ನು ಪೊಲೀಸ್ ಠಾಣೆಯಲ್ಲಿ ಲಾರಿಯವನ ಪರವಾಗಿ ಹೇಳುವ ಧೈರ್ಯ ನನಗಿಲ್ಲ.) ಒಬ್ಬಳು ವಿದ್ಯಾರ್ಥಿನಿ ಅವರನ್ನೇ ಕೇಳಿದಳಂತೆ, ನೀವು ಕಲಿಸಿದ ಪ್ರಕಾರ ಬರೆಯಲೋ, ನನಗೆ ತೋಚುವ ಪ್ರಕಾರ ಬರೆಯಲೋ ಎಂದು. ಹಾರ್ವರ್ಡಿನಲ್ಲೂ ನಮ್ಮ ಬೆಂಚಿನವಳೊಬ್ಬಳು ಇದ್ದಳಲ್ಲ!

ತಲೆಯಲ್ಲಿ ಎರಡು ಭೌತಶಾಸ್ತ್ರ ಇಟ್ಟುಕೊಂಡೇ ನಾವೆಲ್ಲ ಪಾಸಾದೆವು, ಒಂದು ಪರೀಕ್ಷೆಗೆ, ಒಂದು ಬಸ್ಸಿಗೆ. ತಳ್ಳುವುದನ್ನು ಬಿಟ್ಟರೆ ಗಾಡಿ ನಿಲ್ಲುತ್ತದೆ ಎಂಬ ಬಸ್ಸಿನ ಭೌತಶಾಸ್ತ್ರವನ್ನು ಅರಿಸ್ಟಾಟಲನೂ ಒಪ್ಪಿದ್ದ. ಅಲ್ಲಿಂದ ಗೆಲಿಲಿಯೊವರೆಗೆ ಬರಲು ಜಗತ್ತಿಗೆ ಸುಮಾರು ಎರಡು ಸಾವಿರ ವರ್ಷ ಹಿಡಿಯಿತು. ನಮಗೆ ಸಿಕ್ಕಿದ್ದು ನಲವತ್ತು ನಿಮಿಷದ ಒಂದು ಪೀರಿಯಡ್ಡು, ಅದರಲ್ಲೂ ಹಾಜರಿಗೆ ಐದು ನಿಮಿಷ.

ಮೊನ್ನೆ ಮಾವ ಬೆಂಗಳೂರಿಗೆ ಬಂದರು. ನಮ್ಮದು ಮೂರನೇ ಮಹಡಿ, ಲಿಫ್ಟು ಕೆಟ್ಟಿತ್ತು. ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಇಪ್ಪತ್ತು ಕೆಜಿ ಕಾಯಿಯ ಚೀಲ ಹೆಗಲಿಗಿಟ್ಟು ಮೇಲೆ ಬಂದಾಗಿತ್ತು. ಮಗಳೂ ಈಗ ಒಂಬತ್ತನೇ ಕ್ಲಾಸು, ಅದೇ ಪಾಠ. ಮಾವ ಏದುಸಿರು ಬಿಡುತ್ತಿದ್ದಾಗಲೇ ಅವರ ಮೈತೂಕ ಕೇಳಿಕೊಂಡು, ಪೇಪರಿನ ಅಂಚಿನಲ್ಲಿ ಒಂಬತ್ತು ಮೀಟರಿಗೆ ಗುಣಿಸಿ ಹೇಳಿದಳು: “ತಾತ, ನೀವಿವತ್ತು 7056 ಜೂಲ್ ಕೆಲಸ ಮಾಡಿದೀರ.”

ಮಾವ ನನ್ನ ಕಡೆ ತಿರುಗಿ ನೋಡಿದರು. ಹಳೇ ಬಾಕಿ ಬಡ್ಡಿಸಮೇತ ವಸೂಲಾದವರ ನೋಟ.

“ಆದ್ರೆ ತಾತ, ಕಾಯಿ ಇಲ್ಲೇ ಇರುತ್ತೆ, ಅದರ 1764 ಎಲ್ಲೂ ಹೋಗಲ್ಲ. ನೀವು ವಾಪಸ್ ಕೆಳಗಿಳಿದ್ರೆ ಮಾತ್ರ ನಿಮ್ಮ ಮೈದು 5292 ವಜಾ ಆಗಿಬಿಡುತ್ತೆ.”

“ಹಂಗಾದ್ರೆ ಇಳಿಯೋದೇ ಬೇಡ ಬಿಡು ಮಗ” ಎಂದು ಮಾವ ಸೋಫಾದ ಮೇಲೆ ಕಾಲು ಮಡಿಸಿ ಕೂತರು. “ಮಾಡಿದ್ದ ಯಾಕೆ ಕಳ್ಕೊಳ್ಳೋದು? ನಾಕು ದಿನ ಇಲ್ಲೇ ಇರ್ತೀನಿ. ನಿಮ್ಮವ್ವಂಗೆ ಟೀ ಇಡೋಕೆ ಹೇಳು, ಸಕ್ಕರೆ ವಸಿ ಮುಂದಾಗಿರ್ಲಿ.”