ಲೆಡ್ ಝೆಪೆಲಿನ್ ವಾದ: ಬಳಕೆದಾರರ ಕೈಪಿಡಿ

ಇಬ್ಬರು ಅಭಿಮಾನಿಗಳು, ಒಂದು ಒಳ್ಳೆಯ ಸ್ಪೀಕರು, ಮಾರನೆಯ ದಿನ ರಜೆ. ಇಷ್ಟಿದ್ದರೆ ಈ ಯಂತ್ರ ತಾನಾಗಿಯೇ ಚಾಲೂ ಆಗುತ್ತದೆ. ನಿಲ್ಲಿಸುವ ಗುಂಡಿಯನ್ನು ತಯಾರಕರು ಕೊಟ್ಟಿಲ್ಲ. ಮನೆಯವರು ಮಲಗಿದ್ದರೆ ಬಾಗಿಲು ಹಾಕಿಕೊಳ್ಳಿ. ಗಲಾಟೆ ಸ್ಪೀಕರಿನದ್ದಲ್ಲ, ನಿಮ್ಮದು.

ಪೆಟ್ಟಿಗೆಯೊಳಗೆ ಇರುವುದು

ನಾಲ್ಕು ಜನ ಇಂಗ್ಲಿಷರು. ಗಿಟಾರಿಗೆ ಜಿಮ್ಮಿ ಪೇಜ್, ಹಾಡುವುದಕ್ಕೆ ರಾಬರ್ಟ್ ಪ್ಲಾಂಟ್, ಬೇಸ್ ಮತ್ತು ಕೀಬೋರ್ಡಿಗೆ ಜಾನ್ ಪಾಲ್ ಜೋನ್ಸ್, ಡ್ರಮ್ಸಿಗೆ ಜಾನ್ ಬಾನಮ್. 1968ರಲ್ಲಿ ಲಂಡನ್ನಿನಲ್ಲಿ ಕೂಡಿಕೊಂಡರು. ಪೇಜ್ ಮತ್ತು ಜೋನ್ಸ್ ಅದಕ್ಕೂ ಮೊದಲು ಸ್ಟುಡಿಯೋಗಳಲ್ಲಿ ಯಾರ್ಯಾರದೋ ಹಾಡುಗಳಿಗೆ ಕೂಲಿಗೆ ನುಡಿಸಿ ಪಳಗಿದವರು. ಪ್ಲಾಂಟ್ ಮತ್ತು ಬಾನಮ್ ಬರ್ಮಿಂಗ್‌ಹ್ಯಾಮ್ ಸೀಮೆಯ ಹುಡುಗರು. 1969ರಿಂದ 1979ರೊಳಗೆ ಎಂಟು ಸ್ಟುಡಿಯೋ ಆಲ್ಬಮ್ ಮಾಡಿದರು, ಎಲ್ಲಕ್ಕೂ ಪೇಜೇ ಪ್ರೊಡ್ಯೂಸರ್. ಈ ಪ್ಯಾರಾ ಬಾಯಿಪಾಠವಿರಲಿ, ಆದರೆ ಒಪ್ಪಿಸಲು ಹೋಗಬೇಡಿ. ಎದುರಿಗೆ ಕೂತವನಿಗೂ ಅದು ಬಾಯಿಪಾಠವೇ.

ಚಾಲೂ ಮಾಡುವ ಮುನ್ನ

‘ಸ್ಟೇರ್‌ವೇ ಟು ಹೆವನ್’ನಿಂದ ಶುರು ಮಾಡಬೇಡಿ. ಆ ಹಾಡು ಇರುವ, 1971ರ ನವೆಂಬರಿನಲ್ಲಿ ಬಂದ ಆಲ್ಬಮ್ಮಿನ ಹೊದಿಕೆಯ ಮೇಲೆ ಹೆಸರಿಲ್ಲ, ಬ್ಯಾಂಡಿನ ಹೆಸರೂ ಇಲ್ಲ. ಒಳಗೆ ನಾಲ್ವರಿಗೂ ಒಂದೊಂದು ಚಿಹ್ನೆ ಮಾತ್ರ. ಆದ್ದರಿಂದ ಎಲ್ಲರೂ ‘ನಾಲ್ಕನೆಯದು’ ಅನ್ನುತ್ತಾರೆ, ನೀವೂ ಹಾಗೇ ಅನ್ನಿ. ಹಾಡಿನ ಮಾತು ಬಂದೇಬಿಟ್ಟರೆ ಗಿಟಾರ್ ಸೋಲೋ ಹೊಗಳುವ ಸರದಿಯನ್ನು ಬೇರೆಯವರಿಗೆ ಬಿಡಿ. ಪೋಸ್ಟರಿನಲ್ಲಿ ಪೇಜ್ ಹಿಡಿದಿರುವ ಎರಡು ಕುತ್ತಿಗೆಯ ಗಿಟಾರನ್ನು ನೋಡಿ, ಆ ಸೋಲೋ ಅದರಲ್ಲೇ ನುಡಿಸಿದ್ದು ಎನ್ನುವವನೊಬ್ಬ ಗುಂಪಿನಲ್ಲಿ ಇದ್ದೇ ಇರುತ್ತಾನೆ. ಅದು ವೇದಿಕೆಗೆಂದು ಕೊಂಡದ್ದು, ರೆಕಾರ್ಡಿನಲ್ಲಿರುವುದು ಹಳೆಯ ಟೆಲಿಕ್ಯಾಸ್ಟರ್. ಅವನನ್ನು ಮೆಲ್ಲಗೆ ತಿದ್ದಿ, ಕೂಡಲೇ ಮುಂದಿನ ಮಾತಿಗೆ ಹೋಗಿ: ಈ ಹಾಡಿನಲ್ಲಿ ಬಾನಮ್ ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ಕೈಕಟ್ಟಿ ಕೂತಿರುತ್ತಾನೆ. ಎಂಟು ನಿಮಿಷದ ಹಾಡಿನಲ್ಲಿ ಅರ್ಧದಷ್ಟು ಮೌನ! ಅವನು ಒಳಗೆ ಬಂದ ಕ್ಷಣದಲ್ಲಿ ಹಾಡಿನ ಮೈತೂಕವೇ ಬದಲಾಗುತ್ತದೆ. ಇಷ್ಟು ಹೇಳಿ ನೀರು ಕುಡಿಯಿರಿ. ಮೊದಲ ಸುತ್ತು ನಿಮ್ಮದು.

ಯಂತ್ರದ ಮೂಲ ಸೂತ್ರ ಇಲ್ಲಿಯೇ ಇದೆ. ಈ ಬ್ಯಾಂಡಿನ ಬಗ್ಗೆ ಜನ ಗಿಟಾರಿನಿಂದ ವಾದ ಹೂಡುತ್ತಾರೆ, ನೀವು ಡ್ರಮ್ಸಿನಿಂದ ಹೂಡಿ. ಹೆಸರು ಪೇಜ್‌ನದು, ಮುಖ ಪ್ಲಾಂಟ್‌ನದು, ಮನೆ ನಿಂತಿರುವುದು ಬಾನಮ್‌ನ ಮೇಲೆ. ಇದು ಕೈಪಿಡಿ ಬರೆದವನ ಸ್ವಂತ ಅಭಿಪ್ರಾಯ. ಒಪ್ಪದವರು ಇಲ್ಲೇ ಇಳಿಯಬಹುದು.

ಎಣಿಸುವ ಕ್ರಮ

‘ಕಾಶ್ಮೀರ್’ ಹಾಕಿ. 1975ರ ‘ಫಿಸಿಕಲ್ ಗ್ರಾಫಿಟಿ’ಯಲ್ಲಿದೆ. ಎಡಗೈಯಲ್ಲಿ ಡ್ರಮ್ಸನ್ನು ಹಿಡಿಯಿರಿ: ನಾಲ್ಕರ ಎಣಿಕೆ, ತಕಧಿಮಿ, ತಕಧಿಮಿ. ಒಂದಿಷ್ಟೂ ಅವಸರವಿಲ್ಲ, ಅಲಂಕಾರವೂ ಇಲ್ಲ. ಬಲಗೈಯಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ರಿಫ್ಫನ್ನು ಹಿಡಿಯಿರಿ: ಮೂರರ ಎಣಿಕೆ, ತಕಿಟ, ತಕಿಟ. ಎರಡೂ ಒಂದೇ ನಡೆಯಲ್ಲಿ ಹೊರಟರೂ ಎರಡನೆಯ ಸುತ್ತಿಗೇ ಕೈಗಳು ಬೇರೆಯಾಗುತ್ತವೆ. ಗಾಬರಿ ಬೇಡ. ಮೂರು ನಾಲ್ಕಲ ಹನ್ನೆರಡು, ನಾಲ್ಕು ಮೂರಲ ಹನ್ನೆರಡು. ಹದಿಮೂರನೆಯ ಎಣಿಕೆಯಲ್ಲಿ ಇಬ್ಬರೂ ಸಮಕ್ಕೆ ಬಂದು ಕೂಡುತ್ತಾರೆ. ಕಛೇರಿಯಲ್ಲಿ ತೊಡೆ ತಟ್ಟಿ ಕೂತು ಅಭ್ಯಾಸವಿರುವವರಿಗೆ ಇದು ಮೊದಲ ಸಲಕ್ಕೇ ದಕ್ಕುತ್ತದೆ. ಹಾಡು ಮುಂದೆ ಸಾಗುತ್ತಲೇ ಇದ್ದರೂ ಇದ್ದಲ್ಲೇ ಸುತ್ತುತ್ತಿದೆ ಅನ್ನಿಸುವುದು ಈ ಲೆಕ್ಕದಿಂದಲೇ.

ಇಲ್ಲಿ ಸಾಮಾನ್ಯವಾಗಿ ನಡೆಯುವ ಸಂಭಾಷಣೆ ಹೀಗೆ:

“ಗುರು, ಇದು ಕಷ್ಟದ ತಾಳ ಕಣೋ.”

“ಕಷ್ಟ ಎಲ್ಲಿದೆ ಮಗಾ? ಡ್ರಮ್ಸು ಬರೀ ನಾಲ್ಕು.”

“ಅದೇ ಕಷ್ಟ. ಪಕ್ಕದಲ್ಲಿ ಒಬ್ಬ ಮೂರು ಹೊಡೀತಾ ಇದ್ರೂ ನಾಲ್ಕು ಬಿಡದೆ ನುಡಿಸೋದು.”

ಎರಡನೆಯವನು ಸುಮ್ಮನಾದರೆ ಸಂಗೀತದ ವಿಷಯ ಮುಗಿಯಿತು, ಹಕ್ಕಿನ ವಿಷಯ ತೆಗೆಯಿರಿ. ಆ ಹಾಡಿನ ಒಡೆತನ ಪೇಜ್, ಪ್ಲಾಂಟ್, ಬಾನಮ್ ಹೆಸರಿನಲ್ಲಿದೆ. ತಂತಿವಾದ್ಯಗಳನ್ನೂ ತುತ್ತೂರಿಗಳನ್ನೂ ಹೊಂದಿಸಿ ಹಾಡಿಗೆ ಆ ಮೆರವಣಿಗೆಯ ಗತ್ತು ತಂದ ಜೋನ್ಸ್ ಹೆಸರು ಇಲ್ಲ. ಈ ಅನ್ಯಾಯವನ್ನು ಯಾವಾಗ ಬೇಕಾದರೂ ತೆಗೆಯಬಹುದು, ಅವಧಿ ಮುಗಿಯುವುದಿಲ್ಲ.

‘ಬ್ಲ್ಯಾಕ್ ಡಾಗ್’ ಇನ್ನೂ ಮುಳ್ಳಿನ ದಾರಿ. ರಿಫ್ ಜೋನ್ಸ್‌ನದು. ಎಲ್ಲಿ ಸಮ, ಎಲ್ಲಿ ಎಡುಪು ಎಂದು ಹುಡುಕುವವನಿಗೆ ಅದು ಬೇಕೆಂದೇ ಕಾಲು ಕೊಡುತ್ತದೆ. ಬಾನಮ್ ಅದನ್ನು ಬೆನ್ನಟ್ಟುವುದಿಲ್ಲ. ತನ್ನ ನೇರ ಹೊಡೆತ ಹೊಡೆದುಕೊಂಡು ಹೋಗುತ್ತಾನೆ, ರಿಫ್ಫೇ ಸುತ್ತಾಡಿ ವಾಪಸ್ ಬರುತ್ತದೆ. ಪ್ಲಾಂಟ್ ಒಬ್ಬನೇ ಹಾಡಿ ನಿಲ್ಲಿಸಿದ ಜಾಗಗಳಲ್ಲಿ ಸ್ಪೀಕರಿಗೆ ಕಿವಿ ಹಚ್ಚಿ. ಮತ್ತೆ ಎತ್ತಿಕೊಳ್ಳುವ ಮೊದಲು ಬಾನಮ್ ಕಡ್ಡಿಗಳನ್ನು ತಾಕಿಸಿ ಎಣಿಕೆ ಕೊಡುವ ಸಣ್ಣ ಸದ್ದು ಸಿಗುತ್ತದೆ. ಎಂಥ ದೊಡ್ಡ ಬ್ಯಾಂಡಾದರೂ ಯಾರೋ ಒಬ್ಬರು ಒಂದು, ಎರಡು ಅನ್ನಲೇಬೇಕಲ್ಲ. ಅಂದಹಾಗೆ, ಹಾಡಿನ ಹೆಸರಿಗೂ ಅರ್ಥಕ್ಕೂ ಸಂಬಂಧ ಹುಡುಕಬೇಡಿ. ಧ್ವನಿಮುದ್ರಣದ ಹೊತ್ತಿಗೆ ಅಲ್ಲಿ ಒಂದು ಕರಿ ಲ್ಯಾಬ್ರಡಾರ್ ಓಡಾಡಿಕೊಂಡಿತ್ತು, ಅಷ್ಟೇ.

ಮೆಟ್ಟಿಲ ಕೆಳಗಿನ ಡ್ರಮ್ಸು

ಆ ನಾಯಿ ಓಡಾಡುತ್ತಿದ್ದ ಮನೆ ಹೆಡ್ಲಿ ಗ್ರೇಂಜ್. ಹ್ಯಾಂಪ್‌ಶೈರಿನ ಹಳ್ಳಿಯ ಕಡೆಯಲ್ಲಿರುವ ಹಳೆಯ ಕಲ್ಲಿನ ಕಟ್ಟಡ, ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬಡವರಿಗಾಗಿ ಕಟ್ಟಿಸಿದ್ದು. ನಾಲ್ಕನೆಯ ಆಲ್ಬಮ್ಮಿನ ಕೊನೆಯ ಹಾಡು ‘ವೆನ್ ದ ಲೆವೀ ಬ್ರೇಕ್ಸ್’ನ ಡ್ರಮ್ಸು ಹುಟ್ಟಿದ್ದು ಅದರ ಹಜಾರದಲ್ಲಿ. ಬಾನಮ್ ಮೆಟ್ಟಿಲ ಬುಡದಲ್ಲಿ ಡ್ರಮ್ಸು ಇಟ್ಟುಕೊಂಡ. ಇಂಜಿನಿಯರ್ ಆಂಡಿ ಜಾನ್ಸ್ ಡ್ರಮ್ಮುಗಳ ಬಾಯಿಗೆ ಮೈಕು ಹಿಡಿಯುವ ಬದಲು, ಎರಡೇ ಎರಡು ಮೈಕುಗಳನ್ನು ಮೇಲಿನ ಮಹಡಿಯ ಕಟಕಟೆಯಿಂದ ಕೆಳಕ್ಕೆ ಇಳಿಬಿಟ್ಟ. ಅದರ ಮೇಲೆ ಬಿನ್ಸನ್ ಎಂಬ ಎಕೋ ಯಂತ್ರ. ಆಮೇಲೆ ಟೇಪಿನ ವೇಗವನ್ನೂ ತಗ್ಗಿಸಿದರು. ಹೊಡೆತ ಮೇಲೇರಿ, ಗೋಡೆಗೆ ಬಡಿದು, ತಡವಾಗಿ ಹಿಂತಿರುಗುತ್ತದೆ. ಕೇಳುವವನಿಗೆ ಡ್ರಮ್ಸಿನ ಜೊತೆಗೆ ಮನೆಯೂ ಕೇಳಿಸುತ್ತದೆ.

ಪರೀಕ್ಷೆಗೆ ಮೊದಲ ಕೆಲವೇ ಸೆಕೆಂಡು ಸಾಕು. ಬೇರೆ ವಾದ್ಯ ಇನ್ನೂ ಬಂದಿರುವುದಿಲ್ಲ, ಡ್ರಮ್ಸು ಮಾತ್ರ. ಬಾನಮ್ ಬಳಸುತ್ತಿದ್ದ ಬೇಸ್ ಡ್ರಮ್ಮಿನ ಅಗಲ 26 ಇಂಚು, ಸಾಮಾನ್ಯ ರಾಕ್ ಡ್ರಮ್ಮರುಗಳದ್ದಕ್ಕಿಂತ ದೊಡ್ಡದು. ಆದರೆ ಗಾತ್ರದ ಮಾತಾಡಿ ಸುಮ್ಮನಾಗುವವನನ್ನು ನಂಬಬೇಡಿ. ಎರಡು ಹೊಡೆತಗಳ ನಡುವಿನ ಜಾಗ ನೋಡಿ. ಮುಂದಿನ ಹೊಡೆತ ಕೂದಲೆಳೆಯಷ್ಟು ತಡವಾಗಿ ಬೀಳುತ್ತಿದೆ ಅನ್ನಿಸುತ್ತದೆ, ಆದರೂ ನಡೆ ಕುಸಿಯುವುದಿಲ್ಲ. 1986ರಲ್ಲಿ ಬೀಸ್ಟಿ ಬಾಯ್ಸ್ ಈ ಹೊಡೆತವನ್ನೇ ಎತ್ತಿ ತಮ್ಮ ರ‍್ಯಾಪಿನ ಕೆಳಗೆ ಹಾಸಿಕೊಂಡರು. ಆಮೇಲೆ ಇದನ್ನು ಹೀಗೆ ಹಾಸಿಕೊಂಡವರಿಗೆ ಲೆಕ್ಕವಿಲ್ಲ.

ಇನ್ನೊಂದು ಸಣ್ಣ ಪರೀಕ್ಷೆ. 1970ರ ಮೂರನೆಯ ಆಲ್ಬಮ್ಮಿನಲ್ಲಿ ‘ಸಿನ್ಸ್ ಐವ್ ಬೀನ್ ಲವಿಂಗ್ ಯೂ’ ಎಂಬ ನಿಧಾನದ ಬ್ಲೂಸ್ ಇದೆ. ಹೆಡ್‌ಫೋನಿನಲ್ಲಿ ಕೇಳಿದರೆ ಉದ್ದಕ್ಕೂ ಕಿರ್ರ್ ಕಿರ್ರ್ ಎಂಬ ಸದ್ದು. ಬಾನಮ್‌ನ ಕಾಲ ಕೆಳಗಿನ ಪೆಡಲ್ಲಿಗೆ ಎಣ್ಣೆ ಬಿಟ್ಟಿರಲಿಲ್ಲ. ಮುದ್ರಣದಲ್ಲಿ ಆ ಸದ್ದು ಹಾಗೇ ಉಳಿದುಬಿಟ್ಟಿತು. ಇದನ್ನು ಕೇಳಿಸಿಕೊಂಡ ಅಭಿಮಾನಿ ಮತ್ತೆಂದೂ ಆ ಹಾಡನ್ನು ಅದಿಲ್ಲದೆ ಕೇಳಲಾರ. ಆದ್ದರಿಂದ ಗೆಳೆಯನಿಗೆ ಹೇಳಿಬಿಡಿ.

ಕಳವಿನ ಮಾತು ಬಂದಾಗ

ಬಂದೇ ಬರುತ್ತದೆ. ಅಭಿಮಾನಿ ಮೊದಲು ಸಿಟ್ಟಾಗುತ್ತಾನೆ, ಆಮೇಲೆ “ಬ್ಲೂಸಿನಲ್ಲಿ ಎಲ್ಲರೂ ಎಲ್ಲರದ್ದನ್ನೂ ಹಾಡ್ತಾರೆ ಸಾರ್” ಅನ್ನುತ್ತಾನೆ. ಆ ವಾದ ಅರ್ಧ ದೂರ ಓಡುತ್ತದೆ, ಅಷ್ಟೇ. ‘ಲೆವೀ’ ಹಾಡಿನ ಮೂಲ 1929ರಲ್ಲಿ ಮೆಂಫಿಸ್ ಮಿನಿ ಮತ್ತು ಕನ್ಸಾಸ್ ಜೋ ಮೆಕಾಯ್ ಮುದ್ರಿಸಿದ್ದು, 1927ರ ಮಿಸಿಸಿಪ್ಪಿ ಪ್ರವಾಹದ ಮೇಲೆ. ಅಲ್ಲಿ ಮಿನಿಯ ಹೆಸರನ್ನು ಹಾಕಿದರು, ಸರಿ. ‘ಹೋಲ್ ಲಾಟಾ ಲವ್’ನಲ್ಲಿ ವಿಲ್ಲೀ ಡಿಕ್ಸನ್ ಹೆಸರು ಸೇರಲು ಅವನು ಕೋರ್ಟಿಗೆ ಹೋಗಬೇಕಾಯಿತು. ‘ಡೇಝ್ಡ್ ಅಂಡ್ ಕನ್‌ಫ್ಯೂಸ್ಡ್’ ಹೆಸರಿನ ಹಾಡನ್ನು ಜೇಕ್ ಹೋಮ್ಸ್ 1967ರಲ್ಲೇ ಹಾಡಿದ್ದ. ಅವನ ಹೆಸರು ಬರಲು ನಲವತ್ತು ವರ್ಷ ದಾಟಿತು. ನನ್ನ ಮಟ್ಟಿಗೆ ಇದರಲ್ಲಿ ಸಮರ್ಥಿಸುವಂಥದ್ದು ಏನೂ ಇಲ್ಲ. ಪಿಟೀಲಿನ ಕಮಾನಿನಿಂದ ಗಿಟಾರು ಉಜ್ಜಿ ಪೇಜ್ ಅದನ್ನು ಬೇರೆಯದೇ ಆಗಿ ಬೆಳೆಸಿದ, ನಿಜ. ಬೆಳೆಸಿದವನಿಗೆ ಬೀಜ ಯಾರದೆಂದು ಬರೆಯಲು ಒಂದು ಸಾಲು ಸಾಕಿತ್ತು.

‘ಸ್ಟೇರ್‌ವೇ’ ಬೇರೆ. ಸ್ಪಿರಿಟ್ ಎಂಬ ಬ್ಯಾಂಡಿನ ‘ಟಾರಸ್’ನಿಂದ ಕದ್ದದ್ದು ಎಂಬ ಮೊಕದ್ದಮೆಯಲ್ಲಿ 2016ರಲ್ಲಿ ಜ್ಯೂರಿ ಝೆಪೆಲಿನ್ ಪರ ತೀರ್ಪು ಕೊಟ್ಟಿತು, 2020ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹೆಜ್ಜೆ ಹೆಜ್ಜೆಯಾಗಿ ಕೆಳಗಿಳಿಯುವ ಅಂಥ ಸ್ವರಸಾಲು ಯಾರೊಬ್ಬರ ಆಸ್ತಿಯೂ ಅಲ್ಲ. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವವನಿಗೆ ಈ ವ್ಯತ್ಯಾಸವನ್ನು ತೋರಿಸಿ. ತೋರಿಸಿದರೂ ಒಪ್ಪುವುದಿಲ್ಲ.

ಭಾರತದ ಗುಂಡಿ

ಇದನ್ನು ಒಂದೇ ಸಲ ಒತ್ತಿ. ‘ಕಾಶ್ಮೀರ್’ ಕಾಶ್ಮೀರದಲ್ಲಿ ಹುಟ್ಟಿದ್ದಲ್ಲ. ದಕ್ಷಿಣ ಮೊರಾಕೋದ ಮರಳುಗಾಡಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗುತ್ತ ಪ್ಲಾಂಟ್‌ಗೆ ಸಾಹಿತ್ಯ ಹೊಳೆದದ್ದು. ನಿಜವಾದ ನಂಟು ಬೇರೆ ಕಡೆ ಇದೆ. ಪೇಜ್ ಕೆಲವು ಹಾಡುಗಳಿಗೆ ಗಿಟಾರಿನ ಆರು ತಂತಿಗಳನ್ನು ಡಿ, ಎ, ಡಿ, ಜಿ, ಎ, ಡಿ ಎಂದು ಶ್ರುತಿ ಮಾಡಿಕೊಳ್ಳುತ್ತಿದ್ದ. ಡಿ ಷಡ್ಜವೆಂದು ಹಿಡಿದರೆ ಸ, ಪ, ಸ, ಮ, ಪ, ಸ. ತೆರೆದ ತಂತಿಗಳನ್ನು ಸುಮ್ಮನೆ ಮೀಟಿ ನೋಡಿ, ಗಾಂಧಾರವೇ ಇಲ್ಲ. ಪಾಶ್ಚಾತ್ಯ ಕಿವಿಗೆ ಸಂತೋಷ, ದುಃಖ ಎಂದು ಹೇಳಿಕೊಡುವ ಸ್ವರವೇ ಕಾಣೆಯಾದ ಮೇಲೆ ಉಳಿಯುವುದು ತಂಬೂರಿಯ ಮನೆ. ‘ಕಾಶ್ಮೀರ್’ ಈ ಶ್ರುತಿಯಲ್ಲಿದೆ. ಮೊದಲ ಆಲ್ಬಮ್ಮಿನ ‘ಬ್ಲ್ಯಾಕ್ ಮೌಂಟನ್ ಸೈಡ್’ ಕೂಡ ಇದರಲ್ಲೇ ಇದೆ. ಅದರಲ್ಲಿ ತಬಲಾ ನುಡಿಸಿದವರು ವಿರಾಮ್ ಜಸಾನಿ.

1972ರಲ್ಲಿ ಪೇಜ್ ಮತ್ತು ಪ್ಲಾಂಟ್ ಮುಂಬೈಯ ಸ್ಟುಡಿಯೋ ಒಂದರಲ್ಲಿ ಇಲ್ಲಿನ ವಾದ್ಯಗಾರರನ್ನು ಕೂಡಿಸಿ ‘ಫ್ರೆಂಡ್ಸ್’, ‘ಫೋರ್ ಸ್ಟಿಕ್ಸ್’ ಎಂಬ ತಮ್ಮ ಹಾಡುಗಳನ್ನು ನುಡಿಸಿಸಿದರು. ಆ ಮುದ್ರಣ ಅಧಿಕೃತವಾಗಿ ಹೊರಬಂದದ್ದು 2015ರಲ್ಲಿ. ‘ಫೋರ್ ಸ್ಟಿಕ್ಸ್’ ಐದರ ಮತ್ತು ಆರರ ಎಣಿಕೆಗಳಲ್ಲಿ ಓಡಾಡುವ ಹಾಡು. ಲಂಡನ್ನಿನಲ್ಲಿ ಅದನ್ನು ಕೂರಿಸಲು ಬಾನಮ್ ಒಂದೊಂದು ಕೈಯಲ್ಲಿ ಎರಡೆರಡು ಕಡ್ಡಿ ಹಿಡಿದು ಹೊಡೆದ, ಹೆಸರು ಬಂದದ್ದೂ ಹಾಗೆಯೇ. ಖಂಡ ನಡೆಯ ಊರಿಗೆ ಆ ಹಾಡನ್ನು ತಂದ ಪೇಜ್‌ನ ಅಂದಾಜು ಸರಿಯಾಗಿತ್ತು. ಮುಂಬೈ ಮುದ್ರಣ ಮಾತ್ರ ಇನ್ನೂ ಹಸಿಯಾಗಿದೆ, ಪೂರ್ತಿ ಬೆಂದಿಲ್ಲ. ಹೆಮ್ಮೆಯಿಂದ ಅದನ್ನೇ ಶ್ರೇಷ್ಠ ಎನ್ನಲು ಹೊರಟವರಿಗೆ ಒಮ್ಮೆ ಕೇಳಿಸಿ ಸಾಕು.

ಬಿಡಿಭಾಗಗಳು

ಸಿಗುವುದಿಲ್ಲ. 1980ರ ಸೆಪ್ಟೆಂಬರ್ 25ರಂದು ಬಾನಮ್ ತೀರಿಕೊಂಡ, 32 ವರ್ಷ. ಬೇರೆ ಬ್ಯಾಂಡುಗಳು ಹೊಸ ಡ್ರಮ್ಮರನ್ನು ಕೂರಿಸಿಕೊಂಡು ಮುಂದುವರಿದಿದ್ದವು. ಇವರು ಡಿಸೆಂಬರಿನಲ್ಲಿ ಪ್ರಕಟಣೆ ಹೊರಡಿಸಿ ಅಂಗಡಿ ಮುಚ್ಚಿದರು. ಗಿಟಾರಿನ ಬ್ಯಾಂಡು ಎಂದು ಇನ್ನೂ ಹಟ ಹಿಡಿದು ಕೂತವನ ಮುಂದೆ ಇದನ್ನು ಇಡಿ.

2007ರ ಡಿಸೆಂಬರ್ 10ರಂದು ಲಂಡನ್ನಿನಲ್ಲಿ ಒಂದೇ ಒಂದು ರಾತ್ರಿ ಮತ್ತೆ ಕೂಡಿದಾಗ ಡ್ರಮ್ಸಿಗೆ ಕೂತವನು ಬಾನಮ್‌ನ ಮಗ ಜೇಸನ್. ಅದು ಅಷ್ಟು ಚೆನ್ನಾಗಿ ಬಂದ ಮೇಲೆ ಪ್ಲಾಂಟ್ ಪ್ರವಾಸಕ್ಕೆ ಯಾಕೆ ಒಪ್ಪಲಿಲ್ಲ? ಅವನು ಮಾಡಿದ್ದು ಸರಿಯೋ, ತಪ್ಪೋ? ಈ ವಿಷಯವನ್ನು ರಾತ್ರಿ ಒಂದು ಗಂಟೆಯ ಮೇಲೆ ತೆಗೆಯಬೇಡಿ. ತೆಗೆಯಲೇಬೇಕೆಂದಿದ್ದರೆ, ಬೆಳಗಿನ ಕಾಫಿಗೆ ಹಾಲು ಇದೆಯೇ ಎಂದು ಮೊದಲು ಫ್ರಿಜ್ಜು ತೆಗೆದು ನೋಡಿಕೊಳ್ಳಿ.