ಕುದುರೆ, ಇಸ್ಪೀಟು, ಸಾಮಾನ್ಯ ಜ್ಞಾನ

ಟಿವಿಯಲ್ಲಿ ಯಾರಾದರೂ ಕೋಟಿ ಗೆದ್ದರೆ ಅಲ್ಲಿ ಮೇಲಿನಿಂದ ಬಣ್ಣದ ಕಾಗದದ ಚೂರು ಉದುರುತ್ತದೆ, ಗೆದ್ದವರು ಬಿಕ್ಕಿ ಅಳುತ್ತಾರೆ, ಅವರ ಮನೆಯವರು ಓಡಿಬಂದು ತಬ್ಬಿಕೊಳ್ಳುತ್ತಾರೆ. ಇಲ್ಲಿ ನಮ್ಮ ಹಜಾರದಲ್ಲಿ ಏಳುವ ಪ್ರಶ್ನೆ ಒಂದೇ: ‘ಕೈಗೆಷ್ಟು ಬರತ್ತೆ?’ ಇದು ಹೊಟ್ಟೆಕಿಚ್ಚಿನ ಮಾತು ಎಂದರೆ ನಾನು ಒಪ್ಪುವುದಿಲ್ಲ. ಪೂರ್ತಿ ಒಂದು ಕೋಟಿ ಎಂದಾಗ ಎದೆಯಲ್ಲಿ ಎಲ್ಲೋ ಹಿಡಿದಂತಾಗುವುದು ನಿಜ. ಆದರೆ ಅದರಲ್ಲಿ ಮೂವತ್ತು ಲಕ್ಷಕ್ಕೆ ಕತ್ತರಿ ಬೀಳುತ್ತದೆ ಎಂದು ನೆನಪಾದದ್ದೇ ಗೆದ್ದವರ ಮೇಲೆ ಕಲ್ಮಷವಿಲ್ಲದ ಪ್ರೀತಿ ಉಕ್ಕುತ್ತದೆ. ಪಾಪ, ಒಳ್ಳೇ ಹುಡುಗ, ಕಷ್ಟಪಟ್ಟು ಮೇಲೆ ಬಂದಿದಾನೆ.

ನಮ್ಮ ಮನೆಯಲ್ಲಿ ಆ ಕತ್ತರಿಯ ಅಧಿಕಾರ ನನ್ನ ಸೋದರತ್ತೆಯದು. ತಾಲ್ಲೂಕು ಖಜಾನೆಯಲ್ಲಿ ಇಡೀ ಸರ್ವೀಸು ಕಳೆದು ನಿವೃತ್ತರಾದವರು. ಯಾವ ಬಿಲ್ಲು ಕೈಗೆ ಬಂದರೂ ಮೇಲಿನ ಮೊತ್ತ ನೋಡದೆ ನೇರ ಕಟಾವಣೆಯ ಕಾಲಮ್ಮಿಗೆ ಕಣ್ಣು ಹಾಯಿಸುವ ಜಾಯಮಾನ. 2012ರಲ್ಲಿ ‘ಕನ್ನಡದ ಕೋಟ್ಯಧಿಪತಿ’ ಶುರುವಾದಾಗ ಊರಿಗೆ ಊರೇ ಪುನೀತ್ ರಾಜ್‌ಕುಮಾರ್ ಅವರ ನಗು ನೋಡಲು ಕೂತರೆ, ಅತ್ತೆ ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿಕೊಂಡು ಪೆನ್ಸಿಲ್ ಹಿಡಿದು ಕೂರುತ್ತಿದ್ದರು. ಹಾಟ್ ಸೀಟಿನಲ್ಲಿ ಕೂತಾತ ಹನ್ನೆರಡೂವರೆ ಲಕ್ಷದ ಪ್ರಶ್ನೆಗೆ ದೇವರನ್ನು ನೆನೆದು ‘ಲಾಕ್ ಮಾಡಿ’ ಎನ್ನುವುದಕ್ಕೂ ಅತ್ತೆ ‘ಎಂಟು ಎಪ್ಪತ್ತೈದು’ ಎಂದು ಷರಾ ಬರೆಯುವುದಕ್ಕೂ ಸರಿಹೋಗುತ್ತಿತ್ತು. ಉತ್ತರ ಸರಿಯೋ ತಪ್ಪೋ ಎಂಬುದು ಜಾಹೀರಾತು ಮುಗಿದ ಮೇಲೆ ತಿಳಿಯಬೇಕಾದ ಸಂಗತಿ. ಕಟಾವಣೆಗೆ ಜಾಹೀರಾತಿನ ಹಂಗಿಲ್ಲ.

ಆದಾಯ ತೆರಿಗೆ ಕಾಯ್ದೆ ಈ ಗೆಲುವನ್ನು ಯಾರ ಪಕ್ಕ ಕೂರಿಸಿದೆ ಎಂದು ನೋಡಿದರೆ ಓದು ಬರಹ ಬಲ್ಲ ಯಾರಿಗಾದರೂ ಬೇಸರವಾಗಬೇಕು. ಪಟ್ಟಿ ಹೀಗಿದೆ: ಲಾಟರಿ, ಪದಬಂಧ, ಕುದುರೆ ರೇಸು, ಇಸ್ಪೀಟು, ಇನ್ನಾವುದೇ ಬಗೆಯ ಆಟ, ಜೂಜು, ಬಾಜಿ. ಇವುಗಳಿಂದ ಬಂದದ್ದೂ ಆದಾಯವೇ ಎಂದು 1972ರಲ್ಲೇ ಬರೆದಾಗಿದೆ. ಪದಬಂಧ ಈ ಸಹವಾಸಕ್ಕೆ ಹೇಗೆ ಸಿಕ್ಕಿಬಿತ್ತೋ! ಬೆಳಗಿನ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ‘ಮೇಲಿನಿಂದ ಕೆಳಕ್ಕೆ ಏಳು’ ಹುಡುಕುವ ನಿವೃತ್ತ ಮೇಷ್ಟರೂ, ಬೆಂಗಳೂರಿನ ರೇಸ್ ಕೋರ್ಸ್ ಗೇಟಿನಲ್ಲಿ ಮುದುರಿದ ರೇಸ್ ಪುಸ್ತಕ ಹಿಡಿದು ನಿಂತ ಆಸಾಮಿಯೂ ಕಾಯ್ದೆಯ ಕಣ್ಣಿಗೆ ಒಂದೇ ಬೆಂಚಿನ ಹುಡುಗರು. 2000ದ ಜುಲೈ 3ರಂದು ಅಮಿತಾಭ್ ಬಚ್ಚನ್ ‘ಕೌನ್ ಬನೇಗಾ ಕರೋಡ್‌ಪತಿ’ ಶುರುಮಾಡಿದರಲ್ಲ, ದೇಶದ ಜೊತೆ ಹಣಕಾಸು ಇಲಾಖೆಯೂ ರಾತ್ರಿ ಒಂಬತ್ತಕ್ಕೆ ಟಿವಿ ಮುಂದೆ ಕೂತಿತ್ತೆಂದು ಕಾಣುತ್ತದೆ. ಆ ವರ್ಷವೇ ಒಬ್ಬರು ಕೋಟಿ ಗೆದ್ದರು. ಮರುವರ್ಷ ಯಶವಂತ ಸಿನ್ಹಾ ಅವರ ಬಜೆಟ್ಟಿನಲ್ಲಿ ‘ಆಟ’ ಎಂಬುದರೊಳಕ್ಕೆ ಟಿವಿಯ ಗೇಮ್ ಶೋವನ್ನೂ ಹೆಸರು ಹಿಡಿದು ಎಳೆದುಕೊಂಡರು. ಇರುವುದನ್ನು ಇದ್ದಂತೆ ಹೇಳಬೇಕು, ಅದೇ ಕೈಯಲ್ಲಿ ದರವನ್ನು ನೂರಕ್ಕೆ 40ರಿಂದ 30ಕ್ಕೆ ಇಳಿಸಿದರು ಕೂಡ.

ತೆರಿಗೆ ಕಟ್ಟುವುದಕ್ಕೆ ನನ್ನ ತಕರಾರಿಲ್ಲ. ರಸ್ತೆ ಬೇಕು, ದೀಪ ಬೇಕು. ನನ್ನ ತಕರಾರು ಆ ಬೆಂಚಿನ ಬಗ್ಗೆ. ಕದಂಬ ವಂಶದ ಮೂಲಪುರುಷ ಯಾರು ಎಂಬುದನ್ನು ಏಳನೇ ಕ್ಲಾಸಿನಲ್ಲಿ ಮೇಷ್ಟರ ಬೆತ್ತಕ್ಕೆ ಹೆದರಿ ಬಾಯಿಪಾಠ ಮಾಡಿ, ನಡುವಯಸ್ಸಿನವರೆಗೂ ತಲೆಯಲ್ಲಿ ಜೋಪಾನವಾಗಿಟ್ಟುಕೊಂಡು, ಕ್ಯಾಮೆರಾ ಮುಂದೆ ಮೈ ಬೆವರುತ್ತಿರುವಾಗ ಹೊರತೆಗೆದವನಿಗೂ, ಕಣ್ಣು ಮುಚ್ಚಿ ಟಿಕೆಟ್ಟು ಕೊಂಡವನಿಗೂ ಒಂದೇ ದರ. ಹಾಗಾದರೆ ನಾವು ಕಲಿತದ್ದೆಲ್ಲ ಬರೀ ಜೂಜೇ? ನನ್ನ ಮಕ್ಕಳ ಶಾಲೆಯ ಫೀಸು ನೋಡಿದರೆ ಹೌದೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಅಷ್ಟಾದರೂ ಸಮಾನತೆ ಇದೆಯಲ್ಲ ಎಂದುಕೊಳ್ಳುವ ಹಾಗೂ ಇಲ್ಲ. ಆ ಪಟ್ಟಿಯಲ್ಲಿ ಕುದುರೆಗೆ ಮರ್ಯಾದೆ ಹೆಚ್ಚು. ಗೇಮ್ ಶೋದಲ್ಲಿ ಗೆದ್ದವರು ಅದಕ್ಕಾಗಿ ಮಾಡಿದ ಯಾವ ಖರ್ಚನ್ನೂ ಕಳೆಯುವಂತಿಲ್ಲ. ಕೊಂಡ ಇಯರ್ ಬುಕ್ಕು, ಆಡಿಷನ್ನಿಗೆ ಹೋದ ಬಸ್ ಚಾರ್ಜು, ಟಿವಿಯಲ್ಲಿ ಕಾಣಲೆಂದು ಹೊಲಿಸಿದ ಶರ್ಟು ಯಾವುದೂ ಲೆಕ್ಕಕ್ಕಿಲ್ಲ. ರೇಸ್ ಕುದುರೆ ಸಾಕಿದ ಮಾಲೀಕರು ಮಾತ್ರ ಅದರ ಹುಲ್ಲು, ಹುರುಳಿ, ಲಾಯದ ಖರ್ಚನ್ನು ಕಳೆಯಬಹುದು. ಕುದುರೆ ಸಾಕಿ ಕೈಸುಟ್ಟುಕೊಂಡರೆ ಆ ನಷ್ಟವನ್ನು ನಾಲ್ಕು ವರ್ಷ ಮುಂದಕ್ಕೆ ಒಯ್ದು ಅದೇ ಬಾಬಿನ ಲಾಭದಲ್ಲಿ ಹೊಂದಿಸಿಕೊಳ್ಳಲೂಬಹುದು. ಹುರುಳಿ ತಿನ್ನುವ ಕುದುರೆಗೆ ಇರುವ ಸೌಲಭ್ಯ ಇಯರ್ ಬುಕ್ಕು ತಿರುವುವ ಮನುಷ್ಯನಿಗೆ ಇಲ್ಲ. ಇದನ್ನು ಹೇಳಿದಾಗ ಅತ್ತೆ ಕನ್ನಡಕ ಸರಿಮಾಡಿಕೊಂಡು, ‘ಕುದುರೆ ಓಡತ್ತೆ ಕಣೋ, ನೀನು ಕೂತ್ಕೊಂಡಿರ್ತೀಯ’ ಅಂದರು.

ಈಚೆಗೆ ಇನ್ನೊಂದು ಗೊಂದಲ ಸೇರಿಕೊಂಡಿದೆ. ಹೊಸ ಪದ್ಧತಿಯಲ್ಲಿ ಹನ್ನೆರಡು ಲಕ್ಷದವರೆಗೆ ತೆರಿಗೆಯಿಲ್ಲ ಎಂಬ ಸುದ್ದಿ ಬಂದಾಗಿನಿಂದ, ಟಿವಿಯಲ್ಲಿ ಆರು ಲಕ್ಷ ಗೆದ್ದರೂ ಆರು ಲಕ್ಷವೇ ಕೈಗೆ ಎಂದು ಬಹಳ ಜನ ನಂಬಿದ್ದಾರೆ. ಆ ರಿಯಾಯಿತಿ ಈ ಬಾಬಿಗೆ ಅನ್ವಯಿಸುವುದಿಲ್ಲ. ಬೇರೆ ಕಾಸಿನ ಆದಾಯ ಇಲ್ಲದಿದ್ದರೂ ಗೆಲುವಿನ ಮೊದಲ ರೂಪಾಯಿಯಿಂದಲೇ ಮೂವತ್ತು ಪೈಸೆ ಹೊರಡುತ್ತದೆ. ಜೀವವಿಮೆ, ಪಿಪಿಎಫ್ ಎಂದು ಪಾಸ್‌ಬುಕ್ಕು ತೋರಿಸಿದರೂ ಕರಗುವುದಿಲ್ಲ. ಮೂವತ್ತಕ್ಕೇ ನಿಲ್ಲುತ್ತದೆ ಎಂದುಕೊಂಡವರು ಅತ್ತೆಯ ಕ್ಯಾಲೆಂಡರ್ ಹಾಳೆ ನೋಡಬೇಕು. ಒಂದು ಕೋಟಿಗೆ ತೆರಿಗೆ ಮೂವತ್ತು ಲಕ್ಷ. ಆದಾಯ ಐವತ್ತು ಲಕ್ಷ ದಾಟಿದ್ದರಿಂದ ತೆರಿಗೆಯ ಮೇಲೆ ಹತ್ತು ಪರ್ಸೆಂಟ್ ಸರ್‌ಚಾರ್ಜು, ಅಂದರೆ ಮೂರು ಲಕ್ಷ. ಎರಡೂ ಸೇರಿದ್ದರ ಮೇಲೆ ನಾಲ್ಕು ಪರ್ಸೆಂಟ್ ಸೆಸ್ಸು, ಒಂದು ಲಕ್ಷದ ಮೂವತ್ತೆರಡು ಸಾವಿರ. ಒಟ್ಟು 34,32,000. ಉಳಿದದ್ದು 65,68,000. ಇದರಲ್ಲೊಂದು ಕಿತಾಪತಿಯಿದೆ. ಚಾನೆಲ್ಲಿನವರು ಟಿಡಿಎಸ್ ಎಂದು ಹಿಡಿದುಕೊಳ್ಳುವುದು ಬರೀ ಮೂವತ್ತು ಲಕ್ಷ. ಮಿಕ್ಕ ನಾಲ್ಕು ಲಕ್ಷದ ಮೂವತ್ತೆರಡು ಸಾವಿರವನ್ನು ಗೆದ್ದವರೇ ನೆನಪಿಟ್ಟುಕೊಂಡು ಕಟ್ಟಬೇಕು. ಅಷ್ಟು ಹೊತ್ತಿಗೆ ಮನೆಯ ಮೇಲೆ ಇನ್ನೊಂದು ಅಂತಸ್ತು ಎದ್ದಿರುತ್ತದೆ, ತಂಗಿಯ ಮದುವೆ ಆಗಿರುತ್ತದೆ, ಸಾಲ ಕೇಳಿದವರಿಗೆ ಕೊಟ್ಟಾಗಿರುತ್ತದೆ.

ನಗದು ಬಹುಮಾನದವರ ಕಷ್ಟ ಇಷ್ಟಾದರೆ ವಸ್ತು ಗೆದ್ದವರದು ಬೇರೆಯೇ ಕತೆ. ನನ್ನ ಷಡ್ಡಕರಿಗೆ ದೀಪಾವಳಿಯಲ್ಲಿ ಆಭರಣದಂಗಡಿಯೊಂದರ ಲಕ್ಕಿ ಡ್ರಾದಲ್ಲಿ ಸ್ಕೂಟರ್ ಬಂತು. ಅಂಗಡಿಯವರು ಹಾರ ಹಾಕಿ, ಥರ್ಮೋಕೋಲಿನಲ್ಲಿ ಮಾಡಿದ ಮೂರಡಿಯ ಕೀಲಿಕೈಯನ್ನು ಅವರ ತೋಳಿಗೆ ಒರಗಿಸಿ ಫೋಟೋ ತೆಗೆದರು. ಕೀಲಿಗೆ ಬಳಿದ ಬಂಗಾರದ ಬಣ್ಣ ಅವರ ಬಿಳಿ ಶರ್ಟಿಗೆ ಹತ್ತಿತು. ನಾದಿನಿ ಆ ಕಲೆಯನ್ನು ಒಗೆಯಬಾರದೆಂದಳು. ಫೋಟೋ ಮುಗಿದ ಮೇಲೆ ಮ್ಯಾನೇಜರು ಇವರನ್ನು ಒಳಗೆ ಕರೆದು, ಬಾದಾಮಿ ಹಾಲು ಕುಡಿಸಿ, ಗಾಡಿಯ ಬೆಲೆ ಒಂದು ಲಕ್ಷ, ಮೂವತ್ತು ಸಾವಿರ ತೆರಿಗೆ ಕಟ್ಟಿದ ರಸೀದಿ ತಂದರೆ ನಿಜವಾದ ಕೀಲಿ ಕೊಡುತ್ತೇವೆ ಅಂದರು.

ಷಡ್ಡಕರು ಬಾದಾಮಿ ಹಾಲಿನ ಲೋಟ ಕೆಳಗಿಟ್ಟರು. ಬಹುಮಾನಕ್ಕೆ ದುಡ್ಡು ಕೊಡಬೇಕಾದರೆ ಅದು ವ್ಯಾಪಾರವಾಯಿತಲ್ಲವೇ ಎಂಬುದು ಅವರ ವಾದ. ಮ್ಯಾನೇಜರು ಹೇಳಿದ್ದೂ ಸುಳ್ಳಲ್ಲ. ಬಹುಮಾನ ವಸ್ತುರೂಪದಲ್ಲಿದ್ದರೆ ಅದರಿಂದ ಮೂವತ್ತು ಪರ್ಸೆಂಟ್ ಮುರಿದುಕೊಳ್ಳಲು ಬರುವುದಿಲ್ಲ. ಹಾಗಾಗಿ ತೆರಿಗೆ ಸಂದಾಯವಾಗಿದೆ ಎಂದು ಖಾತ್ರಿ ಮಾಡಿಕೊಂಡೇ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಕೆಲವು ಅಂಗಡಿಗಳು ಆ ತೆರಿಗೆಯನ್ನು ತಾವೇ ಕಟ್ಟಿಬಿಡುತ್ತವೆ. ಈ ಅಂಗಡಿಯವರು ಕೂಪನ್ನಿನ ಹಿಂದೆ, ಇರುವೆಯೂ ಕನ್ನಡಕ ಹಾಕಿ ಓದಬೇಕಾದ ಅಕ್ಷರದಲ್ಲಿ, ‘ತೆರಿಗೆ ವಿಜೇತರದೇ’ ಎಂದು ಅಚ್ಚು ಹಾಕಿಸಿದ್ದರು. ‘ಹಿಂದಿನ ಚಕ್ರ, ಸೀಟು, ಒಂದು ಕನ್ನಡಿ ಸರ್ಕಾರ ಇಟ್ಕೊಳ್ಳಲಿ, ಉಳಿದಿದ್ದು ನನಗೆ ಕೊಡಿ’ ಎಂದು ಷಡ್ಡಕರು ಹಟ ಹಿಡಿದರು. ಆಮೇಲೆ ನಾದಿನಿಯ ಚೀಟಿ ದುಡ್ಡು ಎತ್ತಿ ತೆರಿಗೆ ಕಟ್ಟಿದ್ದಾಯಿತು, ಆರ್‌ಟಿಓ, ಇನ್ಶೂರೆನ್ಸು ಎಂದು ಮತ್ತಷ್ಟು ಕೈಬಿಟ್ಟಿತು. ಗಾಡಿ ಈಗಲೂ ಇದೆ. ಅದನ್ನು ಅವರು ಯಾರ ಮುಂದೆಯೂ ‘ಗೆದ್ದ ಗಾಡಿ’ ಎನ್ನುವುದಿಲ್ಲ, ‘ಆ ಮೂವತ್ತು ಸಾವಿರದ್ದು’ ಎನ್ನುತ್ತಾರೆ.

ಈ ಸಂಕಟ ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ 2004ರಲ್ಲಿ ಓಪ್ರಾ ವಿನ್‌ಫ್ರೀ ತಮ್ಮ ಶೋಗೆ ಬಂದಿದ್ದ 276 ಪ್ರೇಕ್ಷಕರಿಗೂ ಒಂದೊಂದು ಪಾಂಟಿಯಾಕ್ ಕಾರು ಕೊಟ್ಟರು. ಜನ ಕುಣಿದರು, ಕಿರುಚಿದರು. ಆಮೇಲೆ ಒಬ್ಬೊಬ್ಬರಿಗೂ ಏಳು ಸಾವಿರ ಡಾಲರ್‌ವರೆಗೆ ತೆರಿಗೆ ಬೀಳುತ್ತದೆಂದು ಗೊತ್ತಾಯಿತು. ಬ್ರಿಟನ್ನಿನಲ್ಲಿ ಮಾತ್ರ ಕ್ವಿಜ್ ಶೋದ ಬಹುಮಾನಕ್ಕೆ ತೆರಿಗೆಯೇ ಇಲ್ಲ. ನಮ್ಮಿಂದ ಇನ್ನೂರು ವರ್ಷ ಎತ್ತಿದ್ದು ಸಾಕೆನಿಸಿರಬೇಕು.

ಲಾಟರಿಯ ಮಾತು ನಮ್ಮಲ್ಲಿ ಹಳೆಯದಾಯಿತು. 2007ರಲ್ಲಿ ಕರ್ನಾಟಕ ಅದನ್ನು ನಿಷೇಧಿಸಿತು. ಆದರೂ 2024ರ ಕೇರಳದ ಓಣಂ ಬಂಪರ್ ಇಪ್ಪತ್ತೈದು ಕೋಟಿ ನಮ್ಮ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂದಾಗ ಅತ್ತೆಗೆ ಹಬ್ಬ. ಏಜೆಂಟರ ಕಮಿಷನ್ ಹತ್ತು ಪರ್ಸೆಂಟ್ ಮೊದಲು, ಉಳಿದದ್ದರ ಮೇಲೆ ಮೂವತ್ತು, ಅಲ್ಲಿಗೆ ಹದಿನೈದು ಮುಕ್ಕಾಲು ಕೋಟಿ, ಅದರಲ್ಲಿ ಮತ್ತೆ ಸರ್‌ಚಾರ್ಜು, ಸೆಸ್ಸು. ಹಾಳೆ ಸಾಲದೆ ಮುಂದಿನ ತಿಂಗಳದ್ದನ್ನೂ ಹರಿದರು. ಸರ್ವೀಸಿನಲ್ಲಿದ್ದಾಗ ಇಂಥ ಒಂದು ಬಿಲ್ಲೂ ತಮ್ಮ ಮೇಜಿಗೆ ಬರಲಿಲ್ಲವೆಂಬ ಕೊರಗು ಅವರಿಗೆ ಇದ್ದೇ ಇದೆ.

ಫೋನ್ ಮಾಡಿ ಉತ್ತರ ಕೇಳುವ ಸ್ನೇಹಿತನ ಪಾಡನ್ನು ಹೇಳಬೇಕು. ಅವನ ಉತ್ತರದಿಂದ ಕೋಟಿ ಬಂದಿತೆನ್ನಿ, ಸಂಕೋಚಕ್ಕೆ ಸಿಕ್ಕಿ ನಾವು ಅವನಿಗೆ ಐದು ಲಕ್ಷ ಕೊಟ್ಟೆವೆನ್ನಿ. ಆ ಐದು ಲಕ್ಷಕ್ಕೆ ನಾವು ಆಗಲೇ ತೆರಿಗೆ ಕಟ್ಟಿರುತ್ತೇವೆ. ಐವತ್ತು ಸಾವಿರ ಮೀರಿದ ಉಡುಗೊರೆ ಎಂದು ಅದು ಅವನ ಆದಾಯಕ್ಕೂ ಸೇರುತ್ತದೆ. ಬಂಧುಗಳಿಗೆ ಕೊಟ್ಟರೆ ಹಾಗಿಲ್ಲ. ಯಾರು ಬಂಧು ಎಂದು ಕಾಯ್ದೆ ಪಟ್ಟಿ ಕೊಟ್ಟಿದೆ, ಹೆಂಡತಿಯ ತಂಗಿಯ ಗಂಡ ಅದರಲ್ಲಿದ್ದಾನೆ, ದೊಡ್ಡಪ್ಪನ ಮಗ ಇಲ್ಲ. ನನ್ನ ಷಡ್ಡಕರಿಗೆ ಇದು ಗೊತ್ತಾದ ಮೇಲೆ, ನಾನು ಹಾಟ್ ಸೀಟಿಗೆ ಹೋಗುವುದಾದರೆ ಫೋನಿಗೆ ಅವರ ನಂಬರನ್ನೇ ಕೊಡಬೇಕೆಂದು ಹೇಳಿಟ್ಟಿದ್ದಾರೆ. ಅವರಿಗೆ ಗೊತ್ತಿರುವುದು ಸಿನಿಮಾ ಮತ್ತು ಅಡಿಕೆ ರೇಟು.

ತೆರಿಗೆಯ ಕಣ್ಣಿಗೆ ಬೀಳದೆ ಗೆಲ್ಲುವುದಿದ್ದರೆ ಅದಕ್ಕೆ ಚಂದನವೇ ಸರಿ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದಿರುವ ‘ಥಟ್ ಅಂತ ಹೇಳಿ’ಯಲ್ಲಿ ಬಹುಮಾನ ಎಂದರೆ ಕನ್ನಡ ಪುಸ್ತಕ. ಬಹುಮಾನ ಹತ್ತು ಸಾವಿರ ಮೀರದಿದ್ದರೆ ಟಿಡಿಎಸ್ ಇಲ್ಲ, ಕನ್ನಡ ಪುಸ್ತಕದಲ್ಲಿ ಹತ್ತು ಸಾವಿರ ಮುಟ್ಟಬೇಕಾದರೆ ಗೋಣಿಚೀಲ ಬೇಕು. ಆದರೆ ಟಿಡಿಎಸ್ ಇಲ್ಲವೆಂದರೆ ತೆರಿಗೆಯೇ ಇಲ್ಲವೆಂದಲ್ಲ, ಕಟ್ಟುನಿಟ್ಟಾಗಿ ನೋಡಿದರೆ ಅದೂ ಗೆಲುವೇ. ಅಂದರೆ ಹತ್ತು ಪುಸ್ತಕ ಗೆದ್ದವರು ಮೂರು ಪುಸ್ತಕದ ಬೆಲೆಯಷ್ಟು ಸರ್ಕಾರಕ್ಕೆ ಸಲ್ಲಿಸಬೇಕು. ದುಡ್ಡಿನ ಬದಲು ಪುಸ್ತಕವನ್ನೇ ತೆಗೆದುಕೊಳ್ಳುವಂತಿದ್ದರೆ ಎಂಥ ಚೆನ್ನಾಗಿರುತ್ತಿತ್ತು! ಇಲಾಖೆಯ ನೋಟೀಸುಗಳ ಕನ್ನಡ ಒಂದಿಷ್ಟು ಸುಧಾರಿಸುತ್ತಿತ್ತು.

1961ರ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ, 2026ರ ಏಪ್ರಿಲ್ 1ರಿಂದ ಜಾರಿ. ಸೆಕ್ಷನ್ನಿನ ನಂಬರುಗಳೆಲ್ಲ ಅದಲುಬದಲು, ಮೂವತ್ತು ಪರ್ಸೆಂಟ್ ಮಾತ್ರ ಹಾಗೇ ಇದೆ.

ಇಷ್ಟೆಲ್ಲ ತಿಳಿದ ಅತ್ತೆಗೇ ಒಂದು ಮಧ್ಯಾಹ್ನ ಲಾಟರಿ ಹೊಡೆಯಿತು. ಕೆಬಿಸಿಯಿಂದ ಎಂದು ಫೋನು. ಇಂಥ ಮೋಸದ ಕರೆಗಳ ಬಗ್ಗೆ ಪೊಲೀಸರು ಸಾಕಷ್ಟು ಹೇಳಿದ್ದಾರೆ, ಆದರೂ ಬೀಳುವವರು ಬೀಳುತ್ತಿದ್ದಾರೆ. ಅದಕ್ಕೆ ಕಾರಣ ಈ ತೆರಿಗೆಯೇ. ಬಹುಮಾನಕ್ಕೆ ತೆರಿಗೆಯುಂಟು ಎಂಬ ಅರ್ಧ ಸತ್ಯ ಎಲ್ಲರಿಗೂ ಗೊತ್ತು, ನಗದಾದರೆ ಅದನ್ನು ಕೊಡುವವರೇ ಮುರಿದುಕೊಳ್ಳುತ್ತಾರೆ, ನಮ್ಮನ್ನು ಕೇಳುವುದಿಲ್ಲ ಎಂಬ ಉಳಿದರ್ಧ ಗೊತ್ತಿಲ್ಲ. ನಾನು ಎದುರಿಗೇ ಇದ್ದೆ. ಅತ್ತೆ ಸ್ಪೀಕರ್ ಹಾಕಿ, ಪೆನ್ಸಿಲ್ ಎತ್ತಿಕೊಂಡರು.

‘ಮೇಡಂ, ನಿಮ್ಮ ನಂಬರಿಗೆ ಇಪ್ಪತ್ತೈದು ಲಕ್ಷ ಬಂದಿದೆ. ಕಂಗ್ರಾಜುಲೇಷನ್ಸ್!’

‘ಸಂತೋಷ ಕಣಪ್ಪ. ನಗದೋ, ವಸ್ತುವೋ?’

‘ನಗದು ಮೇಡಂ, ಡೈರೆಕ್ಟ್ ಅಕೌಂಟಿಗೆ. ಇನ್‌ಕಮ್ ಟ್ಯಾಕ್ಸ್ ಇಪ್ಪತ್ತೈದು ಸಾವಿರ ಈಗಲೇ ಕಳಿಸಿಬಿಡಿ.’

‘ಇಪ್ಪತ್ತೈದು ಸಾವಿರ ಹೇಗಪ್ಪ ಆಗತ್ತೆ? ಒಂದು ಪರ್ಸೆಂಟ್ ಆಯ್ತಲ್ಲ. ಮೂವತ್ತು ಹಿಡೀಬೇಕು, ಏಳೂವರೆ ಲಕ್ಷ. ಕಮ್ಮಿ ಹಿಡಿದ್ರೆ ನಾಳೆ ನಿಮಗೇ ನೋಟೀಸ್ ಬರತ್ತೆ, ಬಡ್ಡಿ ಸಮೇತ.’

ಅತ್ತ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಯಾರನ್ನೋ ಕೇಳಿಕೊಂಡು ಬಂದ ದನಿಯಲ್ಲಿ, ‘ಸರಿ ಮೇಡಂ, ಹಾಗಾದ್ರೆ ಏಳೂವರೆ ಲಕ್ಷ ಕಳಿಸಿ’ ಎಂದ.

‘ನಾನ್ಯಾಕೆ ಕಳಿಸ್ಲಿ? ನೀವೇ ಮುರ್ಕೊಂಡು ಹದಿನೇಳೂವರೆ ಹಾಕಿ, ನಂಗೆ ಅಷ್ಟು ಸಾಕು. ನಿಮ್ಮ ಟ್ಯಾನ್ ನಂಬರ್ ಹೇಳು, ಬರ್ಕೋತೀನಿ. ಫಾರಂ 16ಎ ಯಾವಾಗ ಕೊಡ್ತೀರಿ?’

ಫೋನು ಕಟ್ಟಾಯಿತು. ಅತ್ತೆ ತಾವೇ ಆ ನಂಬರಿಗೆ ವಾಪಸ್ ಮಾಡಿದರು. ಎತ್ತಲಿಲ್ಲ. ಸಂಜೆ ಇನ್ನೊಮ್ಮೆ ಮಾಡಿದರು. ಅಷ್ಟು ಹೊತ್ತಿಗೆ ಅವನು ಇವರನ್ನು ಬ್ಲಾಕ್ ಮಾಡಿದ್ದ.